ಸಮರಕೇತು ಕೋಳಿ ಸಾಕಿದ್ದು

ಒಂದು ಕಾಮಿಕ್ಸ್ ಪುಸ್ತಕದ ಬೆಲೆ ಆಗ ನಾಲ್ಕು ರೂಪಾಯಿ. ಅದರಲ್ಲಿ ಮೂವತ್ತೆರಡು ಪುಟ, ಅಂದರೆ ಪುಟಕ್ಕೆ ಎರಡಾಣೆ. ನಾಲ್ಕು ಪುಟ ಹಾಳಾದರೆ ನಷ್ಟ ಎಂಟಾಣೆ. ಅದನ್ನು ಸರಿಮಾಡಲು ಬೇಕಾದ ಮೈದಾ ಅಂಟಿಗೆ ಹತ್ತು ಪೈಸೆ. ಅದೇ ಪುಸ್ತಕವನ್ನು ಮೂವತ್ತೈದು ವರ್ಷದ ಮೇಲೆ ಕಂಪ್ಯೂಟರಿನಲ್ಲಿ ಆಡುವ ಸಾಹಸದ ಆಟವಾಗಿ ಮಾಡಲು ಇಂದಿರಾನಗರದ ಭಾರ್ಗವ್ ಎಂಬುವರು ಖರ್ಚು ಮಾಡಿದ್ದು ಎರಡು ಕೋಟಿ ಎಂಬತ್ತು ಲಕ್ಷ. ಹತ್ತು ಪೈಸೆಗೂ ಎರಡು ಕೋಟಿ ಎಂಬತ್ತು ಲಕ್ಷಕ್ಕೂ ನಡುವೆ ಇದ್ದದ್ದು ಒಂದು ಮೇಕೆ.

ಮೇಕೆ ಮುನಾವರ್‌ನ ಹೆಂಡತಿ ಬದ್ರುನ್ನೀಸಾ ಅವರದು. ಮುನಾವರ್‌ದು ಶಿವಾಜಿನಗರದಲ್ಲಿ ಬಾಡಿಗೆ ಪುಸ್ತಕದ ಲೈಬ್ರರಿ. ಪಕ್ಕದ ಮಳಿಗೆ ನನ್ನದು, ಬುಕ್ ಬೈಂಡಿಂಗ್ ಮತ್ತು ರಬ್ಬರ್ ಸ್ಟಾಂಪ್. ಅವನ ಲೈಬ್ರರಿಗೆ ಜೀವ ಕೊಟ್ಟದ್ದು ಸರದಾರ ಸಮರಕೇತು ಎಂಬ ಕಾಮಿಕ್ಸ್ ವೀರ. ಆ ಸರಣಿಯಲ್ಲಿ ಒಟ್ಟು ಮೂವತ್ತಾರು ಪುಸ್ತಕ. ಪ್ರತಿಯೊಂದರಲ್ಲೂ ಅವನು ಒಂಟಿಗಣ್ಣಿನ ಮಾಂತ್ರಿಕನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ, ಮಾಂತ್ರಿಕ ಕೊನೆಯ ಪುಟದಲ್ಲಿ ತಪ್ಪಿಸಿಕೊಳ್ಳುತ್ತಿದ್ದ. ಮೂವತ್ತಾರನೆಯದರಲ್ಲಿ ಎಲ್ಲ ಮುಗಿಯುತ್ತದೆ ಎಂದು ಮೊದಲೇ ಗೊತ್ತಾಗಿ, ಪುಸ್ತಕ ಬರುವ ದಿನ ಬೆಳಿಗ್ಗೆ ಹುಡುಗರು ಮೆಟ್ಟಿಲ ಮೇಲೆ ಕಾದು ಕೂತಿದ್ದರು. ಮುನಾವರ್ ಕಟ್ಟು ಬಿಚ್ಚಿ, ಹೆಸರು ಬರೆಯಲು ಪೆನ್ನು ಹುಡುಕುವಷ್ಟರಲ್ಲಿ ಬಕ್ರೀದಿಗೆಂದು ಹಿಂದೆ ಕಟ್ಟಿದ್ದ ಮೇಕೆ ಕೊನೆಯ ನಾಲ್ಕು ಪುಟ ತಿಂದು, ಐದನೆಯದಕ್ಕೆ ಬಾಯಿ ಹಾಕಿತ್ತು.

ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಮುನಾವರ್ ಪುಸ್ತಕ ಹಿಡಿದು ನನ್ನ ಮಳಿಗೆಗೆ ಬಂದ.

"ಸಂಜೀವಣ್ಣ, ಕೊನೆ ಇಲ್ಲದ ಪುಸ್ತಕ ಬಾಗಿಲಿಲ್ಲದ ಬಾತ್‌ರೂಮ್ ಇದ್ದಂಗೆ. ಯಾರೂ ಕಾಸು ಕೊಡಲ್ಲ. ಏನಾದ್ರೂ ಹಾಕಿ ಮುಚ್ಚು."

ನನ್ನಲ್ಲಿ ರದ್ದಿಗೆ ಬಂದಿದ್ದ ಸರ್ಕಾರಿ ಪುಸ್ತಿಕೆಗಳ ರಾಶಿ ಇತ್ತು. 'ಕೋಳಿ ಸಾಕಿ, ಲಾಭ ಗಳಿಸಿ' ಎಂದು ರೈತರಿಗೆ ಹಂಚುತ್ತಿದ್ದ ಚಿತ್ರಕಥೆ. ಅದರ ರೈತ ರಾಚಯ್ಯನಿಗೆ ಸಮರಕೇತುವಿನ ಮೀಸೆ. ಮೀಸೆ ಮಾತ್ರವಲ್ಲ, ಮೂಗು, ಹುಬ್ಬು, ಗಲ್ಲದ ಗುಳಿ, ಎಲ್ಲವೂ ಅದೇ. ಸರ್ಕಾರದ ಕೈಯಿಂದಲೂ ದೇವರು ಕೆಲವೊಮ್ಮೆ ಸಹಾಯ ಮಾಡುತ್ತಾನೆ ಎಂದುಕೊಂಡು ನಾಲ್ಕು ಪುಟ ಕತ್ತರಿಸಿ ಅಂಟಿಸಿದೆ. ರಾಚಯ್ಯ ಎಂದಿದ್ದಲ್ಲೆಲ್ಲ ಮುನಾವರ್ ಪೆನ್ನಿನಿಂದ ಸರದಾರ ಎಂದು ಬರೆದ. ಇಪ್ಪತ್ತೆಂಟನೆಯ ಪುಟದ ಕೊನೆಯಲ್ಲಿ ಸಮರಕೇತು ಕೋಟೆಯ ತುದಿಯಲ್ಲಿ ನಿಂತು, ಕೆಳಗೆ ಸಮುದ್ರ ನೋಡುತ್ತ, "ಇನ್ನು ನನಗೆ ಒಂದೇ ಕೆಲಸ ಬಾಕಿ" ಅನ್ನುತ್ತಾನೆ. ಪುಟ ತಿರುಗಿಸಿದರೆ, "ಮೊದಲು ಕೋಳಿಗೂಡನ್ನು ನೆಲದಿಂದ ಎರಡಡಿ ಎತ್ತರಕ್ಕೆ ಕಟ್ಟಬೇಕು" ಅನ್ನುತ್ತಾನೆ.

ಒಬ್ಬ ಹುಡುಗನೂ ದೂರು ಹೇಳಲಿಲ್ಲ. ಹುಡುಗರು ಆ ಕೊನೆಯನ್ನು ಓದಿ ದೊಡ್ಡ ಮನುಷ್ಯರ ಹಾಗೆ ನಿಟ್ಟುಸಿರು ಬಿಟ್ಟು, ಪುಸ್ತಕ ವಾಪಸು ಕೊಟ್ಟು ಹೋಗುತ್ತಿದ್ದರು. ನಾನು ದಿನಕ್ಕೆ ನಲವತ್ತು ಪುಸ್ತಕ ಅಂಟಿಸುತ್ತಿದ್ದವನು, ಮರೆತೆ. ಮುನಾವರ್ ಆ ಕೊನೆಯನ್ನು ಗಿರಾಕಿಗಳಿಗೆ ಎಷ್ಟು ಸಲ ಹೊಗಳಿದನೆಂದರೆ ಅವನೂ ಮರೆತ. ಸುಳ್ಳು ಹಳೆಯದಾದರೆ ಅದಕ್ಕೂ ಪಿಂಚಣಿ ಸಿಗುತ್ತದೆ.

ಆ ಪುಸ್ತಕ ಓದಿ ಬೆಳೆದವರಲ್ಲಿ ದೊಮ್ಮಲೂರಿನ ವಿಮಾ ನೌಕರರ ವಸತಿಯ ಸಂಹಿತಾ ಒಬ್ಬಳು. ಬೇಸಿಗೆ ರಜೆಯಲ್ಲಿ ಅಪ್ಪನ ಸ್ಕೂಟರಿನಲ್ಲಿ ಬಂದು ಒಂದೇ ಸಲಕ್ಕೆ ಆರು ಪುಸ್ತಕ ಒಯ್ಯುತ್ತಿದ್ದಳು. ಈಗ ಭಾರ್ಗವ್ ಅವರ ಕಂಪನಿಯಲ್ಲಿ ಆಟಗಳಿಗೆ ಕಥೆ ಬರೆಯುವ ಕೆಲಸ. ಹೋದ ವರ್ಷ ಒಂದು ದಿನ ಬಂದು, ಸಮರಕೇತುವನ್ನು ಆಟ ಮಾಡುತ್ತಿದ್ದೇವೆ, ಹಕ್ಕು ಕೊಂಡಿದ್ದೇವೆ, ಮೂವತ್ತಾರೂ ಪುಸ್ತಕ ಒಟ್ಟಿಗೆ ಇರುವುದು ನಿಮ್ಮಲ್ಲಿ ಮಾತ್ರ ಅಂದಳು. ಮುನಾವರ್ ಪುಸ್ತಕ ಕೊಟ್ಟ, ಅವರು ಪುಟಪುಟವೂ ಫೋಟೊ ತೆಗೆದುಕೊಂಡು ವಾಪಸು ಕೊಟ್ಟರು. ಕಂಪನಿ ಅವನನ್ನು ಕಥಾ ಸಲಹೆಗಾರ ಎಂದು ಕರೆಯಿತು.

ಅಲ್ಲಿಂದ ಅವನ ತಲೆ ಕೆಟ್ಟಿತು. ನನ್ನ ಕೈಲೇ ಮುನ್ನೂರು ವಿಸಿಟಿಂಗ್ ಕಾರ್ಡ್ ಮಾಡಿಸಿದ. 'ಮುನಾವರ್, ಕಥಾ ಸಲಹೆಗಾರ, ಸಮರಕೇತು, ಕಂಪ್ಯೂಟರ್ ವಿಭಾಗ.' ಮಾಂಸದಂಗಡಿಯವನಿಗೆ ಕೊಟ್ಟ, ಹಲ್ಲಿನ ಡಾಕ್ಟರಿಗೆ ಕೊಟ್ಟ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಾಗ ಟ್ರಾಫಿಕ್ ಪೊಲೀಸರಿಗೂ ಕೊಟ್ಟ. ಅವರು ಕಾರ್ಡಿನ ಎರಡೂ ಬದಿ ಓದಿ, ಗೌರವದಿಂದ ವಾಪಸು ಕೊಟ್ಟು, ದಂಡದ ಚೀಟಿ ಹರಿದು ಕೈಗಿಟ್ಟರು.

ಬಿಡುಗಡೆಗೆ ಹತ್ತು ದಿನ ಇರುವಾಗ ಆಟ ನೋಡಲು ನಮ್ಮಿಬ್ಬರನ್ನೂ ಇಂದಿರಾನಗರದ ಆಫೀಸಿಗೆ ಕರೆದರು. ಗೋಡೆಯಷ್ಟು ದೊಡ್ಡ ಪರದೆ. ಸಂಹಿತಾ ಕೈಯಲ್ಲಿ ಗುಂಡಿಗಳಿದ್ದ ಒಂದು ಪೆಟ್ಟಿಗೆ ಹಿಡಿದು ಸಮರಕೇತುವನ್ನು ಓಡಿಸಿದಳು, ಹಾರಿಸಿದಳು, ಮೊಸಳೆಗಳ ನಡುವೆ ಈಜಿಸಿದಳು. ಕೊನೆಗೆ ಸಮುದ್ರದ ಕೋಟೆ. ಮಿಂಚು, ಅಲೆ, ಡೋಲು. ಮಾಂತ್ರಿಕ ಬಿದ್ದ. ಸಂಗೀತ ನಿಂತಿತು. ಪರದೆಯ ಮೇಲೆ ಕಂದು ಬಣ್ಣದ ಧೂಳಿನ ಬಿರುಗಾಳಿ ಎದ್ದಿತು. ಬಿರುಗಾಳಿ ಸರಿದಾಗ ಕೋಳಿ ಕೂಗಿತು.

ಸಮರಕೇತು ಪಂಚೆ ಉಟ್ಟು ಬಂದು ಗೂಡು ಕಟ್ಟಲು ಶುರುಮಾಡಿದ. ನೆಲದಿಂದ ಎರಡಡಿ. ಆಡುವವರು ಹದಿನಾಲ್ಕು ಮರಿ ಸಾಕಬೇಕು, ಮುಂಗುಸಿ ಓಡಿಸಬೇಕು, ರೋಗ ಬರದಂತೆ ಮದ್ದಿನ ಹನಿ ಹಾಕಬೇಕು. ಹನ್ನೆರಡು ಉಳಿದರೆ ಗೆದ್ದಂತೆ.

ಆ ಬಿರುಗಾಳಿ ನಾನು ಬಲ್ಲದ್ದು. ಪುಟ ಸೇರುವ ಜಾಗದಲ್ಲಿ ಮೈದಾ ಅಂಟು ಹಳಸಿ ಬಿಟ್ಟ ಕಲೆ ಅದು. ಅವರ ಚಿತ್ರಗಾರರು ಆ ಕಲೆಯನ್ನು ಕಲೆಯೆಂದು ತಿಳಿಯದೆ, ಮೂರು ತಿಂಗಳು ಕೆಲಸ ಮಾಡಿ ಬಿರುಗಾಳಿ ಎಬ್ಬಿಸಿದ್ದರು. ನಾನು ಮುನಾವರ್ ಕಡೆ ನೋಡಿದೆ. ಅವನು ಪರದೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಕತ್ತಿ ಬಿಟ್ಟು ಕೋಳಿ ಸಾಕೋ ಹೀರೋ," ಅಂದರು ಭಾರ್ಗವ್. "ಇಂಥ ಕ್ಲೈಮ್ಯಾಕ್ಸ್ ಇಡೀ ವರ್ಲ್ಡ್‌ನಲ್ಲಿ ಯಾರೂ ಯೋಚ್ನೆ ಮಾಡಿಲ್ಲ ಸರ್."

ಆ ಮಾತು ನೂರಕ್ಕೆ ನೂರು ನಿಜವಾಗಿತ್ತು.

ವಾಪಸು ಬರುವಾಗ ಬಸ್ಸು ಹಲಸೂರು ಕೆರೆಗೆ ಬಂದಾಗ ಮುನಾವರ್ ಮೆಲ್ಲಗೆ ಕೇಳಿದ.

"ಆ ಮೇಕೆ ಯಾರ್ದು?"

"ನಿಂದೇ."

"ಅಂಟು?"

"ನಂದು."

"ಹಂಗಾದ್ರೆ ಇಬ್ರೂ ಬಾಯಿ ಮುಚ್ಕೊಂಡಿರಣ. ಮೇಕೆ ಹೇಳಲ್ಲ."

ಮೇಕೆ ಹೇಳಲಿಲ್ಲ, ಹುಬ್ಬಳ್ಳಿಯವರೊಬ್ಬರು ಹೇಳಿದರು. ಕಂಪನಿಯವರು ಆಟದ ಒಂದು ತುಣುಕನ್ನು ಎಲ್ಲರ ಫೋನಿಗೆ ಬಿಟ್ಟ ಮಾರನೆಯ ದಿನ ಆ ಪುಣ್ಯಾತ್ಮರು ತಮ್ಮಲ್ಲಿದ್ದ ಮೂವತ್ತಾರನೆಯ ಪುಸ್ತಕದ ಕೊನೆಯ ಪುಟದ ಫೋಟೊ ಹಾಕಿ, ಸಮರಕೇತು ಮಾಂತ್ರಿಕನ ವಿಷದ ಮಣಿಯನ್ನು ಎದೆಗವಚಿಕೊಂಡು ಸಮುದ್ರಕ್ಕೆ ಹಾರಿ ಪ್ರಾಣ ಬಿಟ್ಟ, ಈ ಕೋಳಿಗಳು ಎಲ್ಲಿಂದ ಬಂದವು ಎಂದು ಕೇಳಿದ್ದರು. ಸಂಜೆಯೊಳಗೆ ಆರು ಸಾವಿರ ಜನ ಅದನ್ನೇ ಕೇಳಿದರು.

ಸಂಹಿತಾ ಆಟೊದಲ್ಲಿ ಬಂದಳು. ಚಪ್ಪಲಿ ಎರಡೂ ಬೇರೆ ಬೇರೆ. ಭಾರ್ಗವ್ ಹೇಳಿದ್ದನ್ನು ಹಾಗೇ ಹೇಳಿದಳು. ಶನಿವಾರ ಬಿಡುಗಡೆ ಸಮಾರಂಭ. ಅಷ್ಟರೊಳಗೆ ಈ ಕೊನೆ ಅಸಲಿ ಎಂದು ತೋರಿಸಬೇಕು, ಇಲ್ಲವಾದರೆ ಕಥೆ ತಂದವಳು ಅವಳೇ ಆದ್ದರಿಂದ ಕೆಲಸ ಬಿಡಬೇಕು.

"ಅಂಕಲ್, ನೀವು ಒಂದು ಮಾತು ಹೇಳಿ ಸಾಕು. ಇದು ನಿಜವಾದ ಪುಸ್ತಕಾನೇ ತಾನೆ?"

ಆ ಗಳಿಗೆಯಲ್ಲಿ ಸತ್ಯ ಹೇಳಿದ್ದರೆ ಒಂದು ಲೋಟ ಚಹಾದಲ್ಲಿ ಮುಗಿಯುತ್ತಿತ್ತು. ಆದರೆ ಮುನಾವರ್‌ನ ಜೇಬಿನಲ್ಲಿ ಇನ್ನೂ ಇನ್ನೂರೈವತ್ತು ಕಾರ್ಡ್ ಇದ್ದವು. ಅವನು ಗಂಟಲು ಸರಿಮಾಡಿಕೊಂಡು, ಇದು ಕಂಟೋನ್ಮೆಂಟ್ ಎಡಿಷನ್ ಅಂದ. ದಂಡು ಪ್ರದೇಶವಾದ ಈ ಶಿವಾಜಿನಗರದ ಓದುಗರಿಗೆಂದೇ ಬೇರೆ ಕೊನೆ ಇಟ್ಟು ಒಂದೇ ಒಂದು ಪ್ರತಿ ಮಾಡಿದ್ದು, ಚಿತ್ರ ಬರೆದ ಕಲಾವಿದರೇ ಈ ಮಳಿಗೆಗೆ ಬಂದು ಕೈಯಾರೆ ಕೊಟ್ಟದ್ದು ಅಂದ. ನಾನು ಅವನ ಕಾಲು ತುಳಿದೆ. ಅವನು, ಕೊಡುವಾಗ ಅವರು ಅತ್ತರು ಎಂದೂ ಸೇರಿಸಿದ.

ಸಂಹಿತಾ ನೆಮ್ಮದಿಯ ಉಸಿರು ಬಿಟ್ಟು ಹೋದಳು. ಮಾರನೆಯ ಬೆಳಿಗ್ಗೆ ಕಂಪನಿಯಿಂದ ಹೇಳಿಕೆ ಬಂತು, 'ಅಪರೂಪದ ಕಂಟೋನ್ಮೆಂಟ್ ಎಡಿಷನ್' ಎಂದು.

ಶಿವಾಜಿನಗರ ಎದ್ದು ಕೂತಿತು. ಸಮರಕೇತು ಸತ್ತ ಎಂದು ಯಾರೋ ಹುಬ್ಬಳ್ಳಿಯವರು ಹೇಳುತ್ತಿದ್ದಾರೆಂಬುದೇ ಇಲ್ಲಿಯವರಿಗೆ ಸಿಡಿಲು ಬಡಿದಂತಾಗಿತ್ತು. ಟೈಲರ್ ಅಂಗಡಿಯವರು ಹೊಲಿಗೆ ನಿಲ್ಲಿಸಿ ಬಂದು, ಅವನು ಕೋಳಿ ಸಾಕಿದ್ದನ್ನು ನಾನೇ ಕಣ್ಣಾರೆ ಓದಿದ್ದೇನೆ ಎಂದು ಸಾಕ್ಷಿ ನುಡಿದರು. ಎಲ್ಲರಿಗಿಂತ ಬಿಸಿಯಾದವನು ಓವೈಸ್. ಮಾರ್ಕೆಟ್ಟಿನಲ್ಲಿ ಮೊಟ್ಟೆಯ ಸಗಟು ವ್ಯಾಪಾರ, ಎರಡು ಲಾರಿ, ತೂಕದ ಮನುಷ್ಯ. ಹತ್ತನೆಯ ವಯಸ್ಸಿನಲ್ಲಿ ಆ ನಾಲ್ಕು ಪುಟ ಓದಿದ ಮೇಲೆಯೇ ತನಗೆ ಜೀವನದ ದಾರಿ ಕಂಡದ್ದು ಎಂದು ಅವನು ಹೇಳಿದಾಗ ನನಗೆ ಕೂರಲು ಸ್ಟೂಲ್ ಬೇಕಾಯಿತು.

"ಅಷ್ಟು ದೊಡ್ಡ ವೀರನೇ ಕೊನೆಗೆ ಕೋಳಿಗೆ ಬಂದ ಅಂದ್ಮೇಲೆ, ನಾವೆಷ್ಟರವರು ಅಂತ ಅವತ್ತೇ ಅಬ್ಬಾಗೆ ಹೇಳ್ಬಿಟ್ಟೆ. ಶನಿವಾರ ನಾನೂ ಬರ್ತೀನಿ ಮುನಾವರ್ ಭಾಯ್. ಮೂವತ್ತು ಟ್ರೇ ಮೊಟ್ಟೆ ನನ್ನ ಕಡೆಯಿಂದ. ಅಸಲಿ ಯಾವ್ದು ಅಂತ ನೋಡೇ ಬಿಡಣ."

ಮೂವತ್ತು ಟ್ರೇ ಮೊಟ್ಟೆ ಸಮಾರಂಭಕ್ಕೆ ಬಂದರೆ, ಕೆಟ್ಟ ಸುದ್ದಿ ಹೇಳಿದಾಗ ಅವು ಯಾವ ದಿಕ್ಕಿಗೆ ಹಾರುತ್ತವೆ ಎಂದು ನಾನು ಯೋಚಿಸುತ್ತಿರುವಾಗಲೇ ಸಂಹಿತಾಳ ಫೋನ್ ಬಂತು. ಅವಳ ದನಿಯಲ್ಲಿ ಹಬ್ಬ. ಚಿತ್ರ ಬರೆದ ಹಂಪಣ್ಣನವರು ಬದುಕಿದ್ದಾರಂತೆ. ಎಂಬತ್ತನಾಲ್ಕು ವರ್ಷ, ಕೆ.ಆರ್. ಪುರದಲ್ಲಿ ಮಗಳ ಮನೆ. ಶನಿವಾರ ಅವರೇ ಮುಖ್ಯ ಅತಿಥಿ. ಮುನಾವರ್ ಅಂಕಲ್ ಕೈಗೆ ಪುಸ್ತಕ ಕೊಟ್ಟ ಕಥೆಯನ್ನು ಇಬ್ಬರೂ ವೇದಿಕೆಯಲ್ಲಿ ಹೇಳಬೇಕು.

ಮುನಾವರ್ ಫೋನ್ ಇಟ್ಟು, ಕುರ್ಚಿಯ ಮೇಲೆ ಕೂರಲು ಹೋಗಿ ಪಕ್ಕದಲ್ಲಿದ್ದ ಪುಸ್ತಕದ ಕಟ್ಟಿನ ಮೇಲೆ ಕೂತ. ಆ ಮನುಷ್ಯ ಸತ್ತಿರುತ್ತಾನೆ ಎಂಬ ನಂಬಿಕೆಯ ಮೇಲೆ ಅವನು ಮಹಡಿ ಕಟ್ಟಿದ್ದ.

ಊಟ ತಂದ ಬದ್ರುನ್ನೀಸಾ ಅವರು ಎಲ್ಲವನ್ನೂ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಮೂವತ್ತೈದು ವರ್ಷದ ಹಿಂದೆ ಮೇಕೆಗೆ ಬೈಗುಳ ಬಿದ್ದದ್ದು ಸಾಕು, ಈಗ ಸುಳ್ಳಿಗೂ ಅದನ್ನು ಕಟ್ಟಬೇಡಿ ಅಂದರು. ಆಮೇಲೆ ಡಬ್ಬಿ ಮುಚ್ಚಳ ತೆಗೆಯುತ್ತಲೇ ಗಂಡನಿಗೆ ಹೇಳಿದರು.

"ಆ ಹುಡುಗಿ ನಿಮ್ಮನ್ನ ಅಂಕಲ್ ಅಂತಾಳೆ. ಊಟ ಮಾಡಿ, ಆ ಮುದುಕರ ಹತ್ರ ಹೋಗಿ ಇದ್ದದ್ದು ಹೇಳಿ. ಕೈಯಲ್ಲಿ ಏನಾದ್ರೂ ತಗೊಂಡು ಹೋಗಿ. ಮೊಟ್ಟೆ ಬೇಡ."

ಬಾಳೆಹಣ್ಣು ಕೊಂಡು, ಆ ಪುಸ್ತಕವನ್ನೂ ಚೀಲದಲ್ಲಿಟ್ಟುಕೊಂಡು ಮೆಟ್ರೊ ಹತ್ತಿದೆವು. ಹಂಪಣ್ಣನವರು ಅಂಗಳದಲ್ಲಿ ಬನಿಯನ್ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದರು. ಮುನಾವರ್ ಮಾತು ಆರಂಭಿಸಿ ಮೂರು ಸಲ ಮೇಕೆಯವರೆಗೆ ಬಂದು ಮೂರು ಸಲವೂ ಹಿಂದೆ ಹೋದ. ಕೊನೆಗೆ ನಾನೇ ಪುಸ್ತಕ ತೆಗೆದು ಅವರ ತೊಡೆಯ ಮೇಲಿಟ್ಟು ಎಲ್ಲ ಹೇಳಿದೆ.

ಅವರು ಭೂತಗನ್ನಡಿ ತರಿಸಿದರು. ಇಪ್ಪತ್ತೆಂಟನೆಯ ಪುಟ ನೋಡಿದರು, ತಿರುಗಿಸಿದರು, ಕೋಳಿಗೂಡು ನೋಡಿದರು. ಪುಟ ಸೇರಿದಲ್ಲಿ ಬೆರಳಾಡಿಸಿದರು.

"ಅಂಟಿಸಿದ್ದು ಯಾರು?"

ನಾನು ಕೈ ಎತ್ತಿದೆ.

"ಒಳ್ಳೇ ಕೆಲಸ. ಒಂದು ಗೆರೆ ಆಚೀಚೆ ಆಗಿಲ್ಲ." ಮತ್ತೆ ಕೋಳಿ ನೋಡಿದರು. "ಇವೂ ನಂದೇ ಕಣ್ರಯ್ಯಾ."

ನಮಗೆ ಅರ್ಥವಾಗಲಿಲ್ಲ.

"ಕೋಳಿ ಪುಸ್ತಕಾನೂ ನಾನೇ ಬರ್ದಿದ್ದು. ಹಗಲು ಸರ್ಕಾರಿ ಇಲಾಖೆ, ಸಂಜೆ ಸಮರಕೇತು. ನನಗೆ ಬರೋ ಮೀಸೆ ಒಂದೇ. ಅದನ್ನೇ ಎಲ್ರಿಗೂ ಇಡ್ತಿದ್ದೆ."

ಮೂವತ್ತೈದು ವರ್ಷ ನಾನು ದೇವರಿಗೆ ಕೊಟ್ಟಿದ್ದ ಶ್ರೇಯಸ್ಸು ಅಂದು ಕೆ.ಆರ್. ಪುರದ ಅಂಗಳದಲ್ಲಿ ವಾಪಸು ಬಂತು. ಮುನಾವರ್‌ನ ಮುಖ ಅರಳಿತು. ಹಾಗಾದರೆ ಎರಡೂ ತಮ್ಮವೇ, ಶನಿವಾರ ತಾವು ಹೌದು ಅಂದುಬಿಟ್ಟರೆ ಸಾಕು ಎಂದು ಕೈ ಮುಗಿದ. ಮುದುಕರು ಬಟಾಣಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾನು ಬರ್ದಿದ್ದು ಏನು ಅಂತ ನಾನು ಹೇಳ್ತೀನಿ. ನೀನು ಮಾಡಿದ್ದು ಏನು ಅಂತ ನೀನು ಹೇಳ್ಬೇಕು. ನಾನು ಅತ್ತೆ ಅಂತ ಬೇರೆ ಹೇಳಿದ್ದೀಯಂತೆ."

ಅದು ಅವರಿಗೆ ಹೇಗೆ ಗೊತ್ತಾಯಿತೆಂದರೆ, ಸಂಹಿತಾ ಫೋನಿನಲ್ಲಿ ಕೃತಜ್ಞತೆಯಿಂದ ಹೇಳಿದ್ದಳು.

ಶನಿವಾರ ಇಂದಿರಾನಗರದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಓವೈಸ್ ಮತ್ತು ಶಿವಾಜಿನಗರದ ನಲವತ್ತು ಜನ. ವೇದಿಕೆಯ ಪಕ್ಕ ಮೂವತ್ತು ಟ್ರೇ. ಭಾರ್ಗವ್ ಕಂಟೋನ್ಮೆಂಟ್ ಎಡಿಷನ್ ಬಗ್ಗೆ ಹತ್ತು ನಿಮಿಷ ಮಾತಾಡಿ, ಅದನ್ನು ಕಾಪಾಡಿದ ಸಲಹೆಗಾರರು ಎಂದು ಮುನಾವರ್‌ನನ್ನು ಕರೆದರು. ಸಂಹಿತಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮುನಾವರ್ ಮೈಕಿನ ಮುಂದೆ ನಿಂತು ಅವಳ ಕಡೆ ನೋಡಿದ. ಜೇಬಿನಿಂದ ಒಂದು ಕಾರ್ಡ್ ತೆಗೆದು ಓದಿ, ಮತ್ತೆ ಜೇಬಿಗಿಟ್ಟ.

"ಆ ಎಡಿಷನ್ ಇಲ್ಲ," ಅಂದ. "ಮೇಕೆ ತಿಂತು. ಕೋಳಿ ಪುಟ ನಾವು ಅಂಟಿಸಿದ್ವಿ. ಈ ಹುಡುಗಿಗೆ ಏನೂ ಗೊತ್ತಿಲ್ಲ. ಸುಳ್ಳು ಹೇಳಿದ್ದು ನಾನು, ಎಂಟಾಣೆಗೋಸ್ಕರ ಒಂದ್ಸಲ, ಕಾರ್ಡಿಗೋಸ್ಕರ ಇನ್ನೊಂದ್ಸಲ."

ಎರಡು ಕೋಟಿ ಎಂಬತ್ತು ಲಕ್ಷ ಮೌನವಾದರೆ ಹೇಗಿರುತ್ತದೆ ಎಂದು ನಾನು ಅಂದು ಕಿವಿಯಾರೆ ಕೇಳಿದೆ. ಭಾರ್ಗವ್ ನೀರಿನ ಬಾಟಲಿ ಎಂದು ತಮ್ಮ ಕೈಯಲ್ಲಿದ್ದ ಮೈಕನ್ನು ಬಾಯಿಗಿಟ್ಟರು. ಸಂಹಿತಾ ಎದ್ದು ನಿಂತಿದ್ದಳು.

"ಅಂಕಲ್, ಚಿಕ್ಕವಳಿದ್ದಾಗ ಕೇಳಿದ್ದೆ, ಅವ್ನು ಕತ್ತಿ ಏನು ಮಾಡ್ದ ಅಂತ. ಮುಂಗುಸಿ ಬರ್ದಿರ್ಲಿ ಅಂತ ಗೂಡಿನ ಬಾಗಿಲಿಗೆ ನೇತುಹಾಕ್ದ ಅಂದ್ರಿ."

"ಅದೂ ನಾನೇ ಹೇಳಿದ್ದು ಬೇಟಾ. ಬಾಯಿಗೆ ಬಂದದ್ದು."

"ಅದನ್ನೂ ಆಟದಲ್ಲಿ ಹಾಕಿದ್ದೀನಿ," ಅಂದು ಅವಳು ಕೂತಳು.

ಆಗ ಓವೈಸ್ ಎದ್ದ. ನಾನು ಮೊಟ್ಟೆಗಳಿಗೂ ಅವನ ಕೈಗೂ ಇರುವ ದೂರ ಅಳೆದೆ. ಅವನು ಮೊಟ್ಟೆ ಮುಟ್ಟಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಮುನಾವರ್ ಭಾಯ್, ನನ್ನ ಎರಡು ಲಾರಿ, ಮನೆ, ತಂಗಿಯರ ಮದುವೆ, ಎಲ್ಲಾ ನಿನ್ನ ಮೇಕೆ ಮೇಲೆ ನಿಂತಿದ್ಯಾ?"

ಉತ್ತರ ಹೇಳಿದ್ದು ಹಂಪಣ್ಣನವರು. ಯಾರೂ ಕರೆಯದೆ ಮೈಕಿಗೆ ಬಂದು, ಸಮರಕೇತು ಸಮುದ್ರಕ್ಕೆ ಹಾರಿದ್ದು ನಿಜ ಅಂದರು. ಸರಣಿ ನಿಲ್ಲಿಸುತ್ತೇವೆ ಎಂದು ಪ್ರಕಾಶನದ ಮಾಲೀಕರು ಬುಧವಾರ ಹೇಳಿದರಂತೆ, ಇವರು ಗುರುವಾರ ಕೊಂದರಂತೆ. ವರ್ಷಗಟ್ಟಲೆ ಮಕ್ಕಳ ಕಾಗದ ಬಂದವಂತೆ, ಯಾಕೆ ಕೊಂದಿರಿ ಎಂದು. ಶಿವಾಜಿನಗರದಿಂದ ಮಾತ್ರ ಒಂದೂ ಬರಲಿಲ್ಲ, ಯಾಕೆಂದು ಈಗ ತಿಳಿಯಿತು ಅಂದರು.

"ಕೋಳೀನೂ ನಾನು ಬರ್ದಿದ್ದೇ. ಎಲ್ಲಿ, ಆಟ ತೋರ್ಸಿ."

ಕೋಳಿಗೂಡಿನ ಭಾಗ ಹಾಕಿದರು. ಸಂಹಿತಾ ಅವರ ಕೈಗೆ ಗುಂಡಿಯ ಪೆಟ್ಟಿಗೆ ಕೊಟ್ಟು ಬೆರಳು ಹಿಡಿದು ತೋರಿಸಿದಳು. ಸಮರಕೇತು ಗೋಡೆಗೆ ಎರಡು ಸಲ ಡಿಕ್ಕಿ ಹೊಡೆದು, ಬಾವಿಗೆ ಒಮ್ಮೆ ಬಿದ್ದು, ಅಂತೂ ಮರಿಗಳ ಹತ್ತಿರ ಬಂದು ಮದ್ದು ಹಾಕಿದ. ಮುದುಕರ ಹುಬ್ಬು ಗಂಟಾಯಿತು. ಭಾರ್ಗವ್ ಕುರ್ಚಿಯ ತುದಿಗೆ ಬಂದರು.

"ತಪ್ಪು," ಅಂದರು ಹಂಪಣ್ಣ. "ಹನಿ ಕಣ್ಣಿಗೆ ಹಾಕ್ಬೇಕು, ಕೊಕ್ಕಿಗಲ್ಲ. ನಾನು ಸರಿಯಾಗೇ ಬರ್ದಿದ್ದೆ. ಇದನ್ನ ತಿದ್ದಿ. ಮಿಕ್ಕಿದ್ದು ಇರ್ಲಿ. ಒಂದ್ಸಲ ಕೊಂದಿದ್ದೀನಿ, ಸಾಕು."

ಕೊಕ್ಕಿಗೆ ಹಾಕುವುದು ತಪ್ಪೆಂದು ತನಗೂ ಅನ್ನಿಸಿತ್ತು, ಹೇಳಲು ಸಂಕೋಚವಾಯಿತು ಎಂದು ಓವೈಸ್ ಮುಂದಿನ ಸಾಲಿನಿಂದ ಹೇಳಿದ. ಕೋಳಿ ತೆಗೆದರೆ ಕಂಟೋನ್ಮೆಂಟಿನಲ್ಲಿ ಒಬ್ಬನೂ ಈ ಆಟ ಕೊಳ್ಳುವುದಿಲ್ಲ ಎಂದೂ ಹೇಳಿದ. ಭಾರ್ಗವ್ ವ್ಯಾಪಾರಸ್ಥರು. ನಲವತ್ತು ಮುಖಗಳನ್ನೂ ಮೂವತ್ತು ಟ್ರೇಗಳನ್ನೂ ನೋಡಿ, ಕೋಟೆಯ ತುದಿಯಲ್ಲಿ ಎರಡು ದಾರಿ ಇಡುತ್ತೇವೆ, ಬೇಕಾದವರು ಸಮುದ್ರಕ್ಕೆ, ಬೇಕಾದವರು ಮನೆಗೆ ಅಂದರು.

ಬಿಡುಗಡೆ ಎರಡು ತಿಂಗಳು ತಡವಾಯಿತು. ಸಂಹಿತಾಳ ಕೆಲಸ ಉಳಿಯಿತು, ಆದರೆ ಅವಳು ಮುನಾವರ್ ಜೊತೆ ಮಾತಾಡಿದ್ದು ಆ ಎರಡು ತಿಂಗಳಾದ ಮೇಲೆಯೇ. ಆಟದ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಕಥಾ ಸಲಹೆಗಾರ ಇಲ್ಲ. ಆ ಜಾಗದಲ್ಲಿ 'ಬದ್ರುನ್ನೀಸಾ ಅವರ ಮೇಕೆ' ಎಂದಿದೆ, ಅದನ್ನು ಹಾಕಿದವಳು ಸಂಹಿತಾ. ಬದ್ರುನ್ನೀಸಾ ಅವರು ಅದನ್ನು ಮಾತ್ರ ನೋಡಲು ಅಷ್ಟು ಆಟವನ್ನೂ ಮಗನ ಕೈಲಿ ಆಡಿಸಿದರು.

ಲೈಬ್ರರಿಗೆ ಮತ್ತೆ ಜನ ಬಂದರು. ಪುಸ್ತಕ ಓದಲು ಅಲ್ಲ, ತಮ್ಮ ಬಾಲ್ಯದ ಇನ್ನೂ ಯಾವ ಯಾವ ಕಥೆಗೆ ಅಂಟು ಬಿದ್ದಿದೆ ಎಂದು ಕೇಳಲು. ನಾವು ಕೂತು ನೆನಪು ಮಾಡಿಕೊಂಡೆವು. ಹನ್ನೊಂದು. ಟೈಲರ್ ಅಂಗಡಿಯವರು ಆ ಪಟ್ಟಿ ಓದಿ ಎರಡು ದಿನ ಅಂಗಡಿ ತೆರೆಯಲಿಲ್ಲ.

ಹಂಪಣ್ಣನವರು ಆ ಶನಿವಾರ ಹೋಗುವಾಗ ಮೂವತ್ತಾರನೆಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಮುನಾವರ್‌ನ ಕೈಗೆ ಒಂದು ದಿನದ ಬಾಡಿಗೆ ಎಂಟಾಣೆಯ ನಾಣ್ಯ ಕೊಟ್ಟು ಹೋದರು. ಈಗ ಒಂಬತ್ತು ತಿಂಗಳಾಯಿತು. ಪುಸ್ತಕ ವಾಪಸು ಬಂದಿಲ್ಲ, ಮುನಾವರ್ ಕೇಳಿಲ್ಲ. ಕಪಾಟಿನಲ್ಲಿ ಮೂವತ್ತೈದು ಇವೆ.